ಮಾತಾಡುವ ಪೆನ್ನು, 49 ಕಾರ್ಡು: 14 ತಿಂಗಳ ಬಳಕೆಯ ಮೇಲೆ

ಮಗಳಿಗೆ ನಾಲ್ಕೂವರೆ ವರ್ಷ ಇದ್ದಾಗ ಆನ್‌ಲೈನ್‌ನಲ್ಲಿ ಈ ಸೆಟ್ ತರಿಸಿದೆ. 49 ಅಕ್ಷರದ ಕಾರ್ಡು, ಒಂದು ಚಿತ್ರಪುಸ್ತಕ, ಮುಟ್ಟಿಸಿದರೆ ಮಾತಾಡುವ ಪೆನ್ನು. ಬೆಲೆ ಹತ್ತಿರ ಹತ್ತಿರ 3,000 ರೂಪಾಯಿ.

ಮೊದಲ ಎರಡು ತಿಂಗಳು ದುಡ್ಡು ದಂಡ ಅಂದುಕೊಂಡಿದ್ದೆ. ಸೆಟ್‌ನಲ್ಲಿ ಹೇಳಿದ ಹಾಗೆ ಅ, ಆ, ಇ, ಈ ಅಂತ ಶುರು ಮಾಡಿದೆವು. ಪೆನ್ನಿನ ಜೊತೆ ಅವಳೂ ರಾಗವಾಗಿ ಹೇಳುತ್ತಿದ್ದಳು. ಆದರೆ ನಡುವಿನ ಒಂದು ಕಾರ್ಡು ಎಳೆದು ತೋರಿಸಿದರೆ ಮತ್ತೆ ಅ ಇಂದ ಹಾಡಿಕೊಂಡು ಅಲ್ಲಿಗೆ ಬರಬೇಕು! ಬರೀ ಸ್ವರಗಳನ್ನು ಇಟ್ಟುಕೊಂಡು ಮಗು ಯಾವ ಪದ ಓದೀತು, ಅಲ್ವಾ?

ದಾರಿ ತೋರಿಸಿದ್ದು ನಮ್ಮ ಅತ್ತಿಗೆ. ಅವರು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ, ಅಂದರೆ ಚಟುವಟಿಕೆ ಮಾಡುತ್ತ ನಲಿದು ಕಲಿಯುವ ಪದ್ಧತಿಯ ಟೀಚರು. “ರ, ಗ, ಸ, ದ, ಅ ಐದೇ ಇಟ್ಕೊಳಮ್ಮ, ಉಳಿದಿದ್ದೆಲ್ಲ ಒಳಗಿಡು” ಅಂದರು. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ ನಲಿ-ಕಲಿಯಲ್ಲಿ ಅಕ್ಷರ ಬರುವುದು ಈ ಕ್ರಮದಲ್ಲೇ. ಐದೇ ಅಕ್ಷರಕ್ಕೆ ಸರ, ರಸ, ಅಗಸ, ಅರಸ, ಗರಗಸ ಎಲ್ಲ ಸಿಗುತ್ತದೆ. ಒಂದು ವಾರಕ್ಕೆ ಮಗಳು ನೆಲದ ಮೇಲೆ ಕಾರ್ಡು ಜೋಡಿಸಿ “ಅಗಸ” ಅಂತ ಓದಿದಳು. ಅಗಸ ಅಂದರೆ ಯಾರು ಅಂತ ಆಮೇಲೆ ಕೇಳಿದಳು, ಅದು ಬೇರೆ ಮಾತು. ಮುಂದೆ ಜ, ವ, ಮ, ಬ, ನ ಸೇರಿಸಿದೆವು. ಮರ, ಜನ, ನಗರ, ಬಸವ!

ಆಮೇಲೆ ಪೆನ್ನಿಗೂ ಒಂದು ಕೆಲಸ ಸಿಕ್ಕಿತು. ಮೊದಲೆಲ್ಲ ಯೋಚನೆ ಮಾಡುವ ಮೊದಲೇ ಪೆನ್ನು ಒತ್ತಿ ಉತ್ತರ ಕೇಳಿಬಿಡುತ್ತಿದ್ದಳು. ಮೊದಲು ನೀನು ಓದು, ಆಮೇಲೆ ಪೆನ್ನನ್ನು ಕೇಳು ಅಂತ ನಿಯಮ ಮಾಡಿದೆ. ಅವಳು ಓದಿದ್ದನ್ನೇ ಪೆನ್ನೂ ಹೇಳಿದಾಗ ಅವಳ ಮುಖ ನೋಡಬೇಕು.

ತೊಂದರೆ ಇಲ್ಲದಿಲ್ಲ. ದನಿ ಕೊಟ್ಟವರಿಗೆ ‘ಳ’ ಬರುವುದಿಲ್ಲ. ಹಳ್ಳಿಯ ಚಿತ್ರ ಮುಟ್ಟಿಸಿದರೆ ಪೆನ್ನು “ಹಲ್ಲಿ” ಅನ್ನುತ್ತದೆ. ಮಗಳು ಗುಡಿಸಲುಗಳ ನಡುವೆ ಹಲ್ಲಿ ಎಲ್ಲಿದೆ ಅಂತ ಹತ್ತು ನಿಮಿಷ ಹುಡುಕಿದ್ದಳು. ಕಾಗುಣಿತಕ್ಕೆ ಕೊಟ್ಟಿರುವುದು ಒಂದೇ ಹಾಳೆ, ಒತ್ತಕ್ಷರ ಇಲ್ಲವೇ ಇಲ್ಲ. ಕನ್ನಡ ಓದಲು ಕಷ್ಟ ಬರುವುದೇ ಅಲ್ಲಿ. ಇನ್ನೊಂದು, ಪೆನ್ನು ಓದುವುದು ಅಕ್ಷರವನ್ನಲ್ಲ, ಕಾಗದದ ಮೇಲೆ ಅಚ್ಚಾದ ಸಣ್ಣ ಸಣ್ಣ ಚುಕ್ಕಿಗಳನ್ನು. ‘ಮ’ ಕಾರ್ಡು ಕಳೆದುಹೋಗಿತ್ತು. ಅತ್ತಿಗೆಯ ಮಗನ ಸೆಟ್‌ನಿಂದ ಜೆರಾಕ್ಸ್ ಮಾಡಿಸಿದೆ, ಪೆನ್ನು ಮೂಕ. ಬಿಡಿ ಕಾರ್ಡು ಕೊಡುತ್ತೀರಾ ಅಂತ ಕಂಪನಿಗೆ ಎರಡು ಸಲ ಬರೆದೆ, ಉತ್ತರ ಇಲ್ಲ.

ಒತ್ತಕ್ಷರಕ್ಕೆ ರಟ್ಟು ಕತ್ತರಿಸಿ ನಾನೇ ಕಾರ್ಡು ಮಾಡಿಕೊಂಡೆ. ಅಕ್ಕ, ಅಪ್ಪ, ಬೆಲ್ಲದಿಂದ ಶುರು. ಓದಲು ಕಥೆ ಬೇಕಾದಾಗ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಿಂದ ಮೊದಲ ಹಂತದ ಕನ್ನಡ ಕಥೆ ಇಳಿಸಿಕೊಳ್ಳುತ್ತೇವೆ. ಪುಟಕ್ಕೆ ಒಂದೆರಡು ಸಾಲು, ದುಡ್ಡೂ ಬೇಡ.

ಈ ಸೆಟ್‌ಗೆ ನನ್ನದು 5ಕ್ಕೆ 3. ಮಗಳು 5 ಕೊಡು ಅನ್ನುತ್ತಾಳೆ, ಪುಸ್ತಕದ ಕೊನೇ ಪುಟದಲ್ಲಿ ನರಿ ಊಳಿಡುತ್ತದಲ್ಲ, ಅದಕ್ಕೆ.