ಗ್ಲಿಸರಿನ್ ತುಂಬಿ ನೋಡಿದ ದ್ರವ ಸೆಲ್: ಶೃಂಗ ನಂಬಬಹುದು, ತಾಪಮಾನ ನಂಬಬೇಡಿ

ಅತಿಶೀತಲ ದ್ರವಗಳ, ಅಂದರೆ ಕರಗುವ ಬಿಂದುವಿಗಿಂತ ಕೆಳಗಿಳಿದರೂ ಹರಳಾಗದೆ ಉಳಿದ ದ್ರವಗಳ, ಅಧ್ಯಯನಕ್ಕೆ ಎಲ್‌ಸಿಆರ್ ಮೀಟರಿಗೆ (ಬೇರೆಬೇರೆ ಆವೃತ್ತಿಗಳಲ್ಲಿ ಧಾರಕತೆ ಅಳೆಯುವ ಉಪಕರಣ) ಜೋಡಿಸುವ ಸೆಲ್, ಅಂದರೆ ದ್ರವ ತುಂಬುವ ಪುಟ್ಟ ಕೋಶ, ಇದು. 20 ಮಿ.ಮೀ. ವ್ಯಾಸದ ಎರಡು ಸ್ಟೀಲ್ ತಟ್ಟೆ, ನಡುವೆ 0.1 ಮಿ.ಮೀ. ಟೆಫ್ಲಾನ್ ಉಂಗುರ, ಅಡಿಯಲ್ಲಿ ತಾಪಮಾನ ಅಳೆಯುವ ಪಿಟಿ-100 ಸೆನ್ಸರ್, ಜೊತೆಗೊಂದು ಪೀಜೋ ಬಿಲ್ಲೆ (ವೋಲ್ಟೇಜ್ ಕೊಟ್ಟರೆ ಹಿಗ್ಗಿ ಕುಗ್ಗುವಂಥದ್ದು). ಕಾಸರಗೋಡು, ಮಂಜೇಶ್ವರ ಕಡೆಯ ಕಾಲೇಜು ಲ್ಯಾಬ್‌ಗಳಿಗೆ ಧೈರ್ಯವಾಗಿ ಹೇಳಬಹುದಾದ ಸಾಧನ, ಒಂದು ದೋಷ ಸರಿಪಡಿಸಿಕೊಂಡರೆ.

ಮೊದಲ ಮಾದರಿ ಗ್ಲಿಸರಿನ್ ಆಗಿರಲಿ. ಅದರ ಕರಗುವ ಬಿಂದು 18 ಡಿಗ್ರಿ. ಆದರೂ ಸುಲಭಕ್ಕೆ ಹರಳಾಗದೆ ಮೈನಸ್ 83ರ ಸುಮಾರಿಗೆ ಗಾಜಿನಂತೆ ಗಟ್ಟಿಯಾಗುತ್ತದೆ. ಖಾಲಿ ಸೆಲ್‌ನ ಧಾರಕತೆ 28 ಪಿಕೋಫ್ಯಾರಡ್ ಹತ್ತಿರ ಬರಬೇಕು. ಬೆಚ್ಚಗಿನ ಗ್ಲಿಸರಿನ್ ತುಂಬಿ ಮೈನಸ್ 50ಕ್ಕೆ ಇಳಿಸಿದಾಗ ಕಡಿಮೆ ಆವೃತ್ತಿಯಲ್ಲಿ ಅದು ಸುಮಾರು 60 ಪಟ್ಟಾಗಬೇಕು. ತೀರಾ ಕಡಿಮೆ ಬಂದರೆ ಒಳಗೆ ಗಾಳಿಗುಳ್ಳೆ ಕೂತಿದೆ. ತಣಿಸಲು ಡ್ರೈ ಐಸ್ ಮತ್ತು ಅಸಿಟೋನ್ ಸಾಕು. ಅಳತೆಯನ್ನು ನಿಧಾನವಾಗಿ ಬೆಚ್ಚಗಾಗುವಾಗ ಮಾಡಿ. ನಷ್ಟದ ಶೃಂಗ, ಅಂದರೆ ದ್ರವ ವಿದ್ಯುತ್ ಶಕ್ತಿಯನ್ನು ಅತಿ ಹೆಚ್ಚು ಹೀರುವ ಆವೃತ್ತಿ, ಮೈನಸ್ 50ರಲ್ಲಿ ಸಾವಿರ ಹರ್ಟ್ಸ್ ಆಸುಪಾಸಿಗೂ, ಮೈನಸ್ 20ರಲ್ಲಿ ಕೆಲವು ಲಕ್ಷ ಹರ್ಟ್ಸ್‌ಗೂ ಬರುತ್ತದೆ. ತಟ್ಟೆಗಳ ಅಂತರ ಕೊಂಚ ಬದಲಾದರೂ ಶೃಂಗದ ಆವೃತ್ತಿ ಕದಲುವುದಿಲ್ಲ, ಎತ್ತರ ಮಾತ್ರ ಬದಲಾಗುತ್ತದೆ. ಈ ಸೆಲ್‌ನ ನಿಜವಾದ ಬಲ ಅದೇ.

ದೋಷವಿರುವುದು ಪಿಟಿ-100 ಇಟ್ಟ ಜಾಗದಲ್ಲಿ. ತಟ್ಟೆಯ ಹೊರಮೈಗೆ ಅಂಟಿಸಿರುವುದರಿಂದ ಅದು ದ್ರವದ್ದಲ್ಲ, ಸೆಲ್ ಇಟ್ಟ ಪೆಟ್ಟಿಗೆಯ ತಾಪಮಾನ ತೋರಿಸುತ್ತದೆ. ಮೈನಸ್ 50ರ ಬಳಿ ಒಂದು ಡಿಗ್ರಿ ತಪ್ಪಿದರೆ ವಿಶ್ರಾಂತಿ ಕಾಲ (ದ್ರವದ ಅಣುಗಳು ತಿರುಗಿ ಹೊಂದಿಕೊಳ್ಳಲು ಹಿಡಿಯುವ ಸಮಯ; ಶೃಂಗದ ಆವೃತ್ತಿಯಿಂದ ಸಿಗುವುದು) ಶೇ. 30ರಷ್ಟು ತಪ್ಪುತ್ತದೆ, ಮೈನಸ್ 80ರ ಬಳಿ ಹೆಚ್ಚುಕಡಿಮೆ ಇಮ್ಮಡಿ. ತಟ್ಟೆಯ ದಪ್ಪದೊಳಗೆ ಸಣ್ಣ ರಂಧ್ರ ಕೊರೆಸಿ ಸೆನ್ಸರನ್ನು ಅಲ್ಲಿಗೆ ಸರಿಸಿ.

ಇನ್ನು ನಮ್ಮ ಆಟಿ ತಿಂಗಳ, ಅಂದರೆ ಜೋರು ಮಳೆಗಾಲದ, ತೇವದ ಹವೆ. ಬಾಟಲಿ ತೆರೆದಿಟ್ಟರೆ ಗ್ಲಿಸರಿನ್ ನೀರು ಹೀರುತ್ತದೆ, ಶೃಂಗ ಹೆಚ್ಚಿನ ಆವೃತ್ತಿಗೆ ಜರುಗುತ್ತದೆ. ಕನೆಕ್ಟರ್ ಮೇಲೆ ಕೂತ ಹಿಮ ಕರಗುವಾಗ ವಿದ್ಯುತ್ ಸೋರಿಕೆಯೂ ಆಗುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇರಲೇಬೇಕು. ಕಡಿಮೆ ಆವೃತ್ತಿಯಲ್ಲಿ ನಷ್ಟ ಏರುತ್ತಲೇ ಹೋದರೆ ಅದು ಅಯಾನುಗಳ ವಾಹಕತೆ, ಹೊಸ ಶೃಂಗವಲ್ಲ.

ಯಾಂತ್ರಿಕ ಅಳತೆಗೆ, ಅಂದರೆ ದ್ರವದ ಬಿಗಿತ ಅಳೆಯಲು, ಕೊಟ್ಟ 20 ಮಿ.ಮೀ. ಪೀಜೋ ಬಿಲ್ಲೆಯ ಉಪಾಯ ಚೆಂದ: ದ್ರವ ಬಿಗಿಯಾದಷ್ಟೂ ಬಿಲ್ಲೆ ಹಿಗ್ಗುವುದಕ್ಕೆ ತಡೆ, ಬಿಲ್ಲೆಯ ಧಾರಕತೆಯೂ ಇಳಿಯುತ್ತದೆ. ಆದರೆ ದ್ರವಕ್ಕೆ ತಾಗುವ ಮುಖವನ್ನು ಭೂಸಂಪರ್ಕ ಮಾಡಿ; ಇಲ್ಲವಾದರೆ ದ್ರವದ ಧಾರಕತೆಯೂ ಸೇರಿಕೊಳ್ಳುತ್ತದೆ. ಖಾಲಿ ಬಿಲ್ಲೆಯನ್ನೂ ಅದೇ ತಾಪಮಾನಗಳಲ್ಲಿ ಅಳೆದಿಡಿ. ಬಿಲ್ಲೆಯ ಅನುರಣನ (ಅದು ತಾನಾಗಿಯೇ ಜೋರಾಗಿ ಕಂಪಿಸುವ ಆವೃತ್ತಿ) ಲಕ್ಷ ಹರ್ಟ್ಸ್ ಹತ್ತಿರ ಇರುವುದರಿಂದ ಅಳತೆ ಅದಕ್ಕಿಂತ ಬಹಳ ಕೆಳಗೇ ನಿಲ್ಲಲಿ. ಒಂದೇ ತಾಪಮಾನದಲ್ಲಿ ಯಾಂತ್ರಿಕ ಶೃಂಗ ವಿದ್ಯುತ್ ಶೃಂಗಕ್ಕಿಂತ ಹೆಚ್ಚಿನ ಆವೃತ್ತಿಯಲ್ಲಿ ಬಂದರೆ ಸೆಲ್ ಕೆಟ್ಟಿದೆ ಎಂದುಕೊಳ್ಳಬೇಡಿ, ದ್ರವ ಇರುವುದೇ ಹಾಗೆ.