ಹಂಪನಕಟ್ಟೆಯ ಅಂಚೆಚೀಟಿ ಅಂಗಡಿಯಲ್ಲಿ ಬಾಂಗ್ಲಾದೇಶ

ಮಂಗಳೂರಿನ ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿರುವ ಈ ಅಂಗಡಿಗೆ ನಾನು ಉಡುಪಿಯಿಂದ ಬಸ್ಸು ಹತ್ತಿ ಹೋಗುವುದು ಅಲ್ಲಿರುವ ಒಂದು ಆಲ್ಬಂಗಾಗಿ. ಅಂಚೆ ಕಚೇರಿಯ ಕೌಂಟರಿನಲ್ಲಿ ದುಡಿದು ನಿವೃತ್ತಳಾದವಳು ನಾನು. ಇಲ್ಲಿಯ ಯಜಮಾನರು ಭಾರತದ ಮತ್ತು ಬಾಂಗ್ಲಾದೇಶದ ಚೀಟಿಗಳನ್ನು ಬೇರೆ ಮಾಡದೆ ತಾರೀಕಿನ ಕ್ರಮದಲ್ಲಿ ಜೋಡಿಸಿದ್ದಾರೆ. ಈ ಜೋಡಣೆಗೇ ನಾನು ಪೂರ್ಣ ಅಂಕ ಕೊಡುತ್ತೇನೆ.

ಮೊದಲ ಪುಟದಲ್ಲಿ 1971ರ ಜುಲೈ 29ರ ಎಂಟು ಚೀಟಿಗಳಿವೆ. ಬಿಮಾನ್ ಮಲ್ಲಿಕ್ ವಿನ್ಯಾಸ ಮಾಡಿದ ಇವನ್ನು ಮುಜೀಬ್‌ನಗರ ಸರ್ಕಾರ, ಅಂದರೆ ಪಾಕಿಸ್ತಾನದಿಂದ ಬಿಡುಗಡೆಗಾಗಿ ಹೋರಾಡುತ್ತಿದ್ದ ಬಾಂಗ್ಲಾದೇಶದ ತಾತ್ಕಾಲಿಕ ಸರ್ಕಾರ, ಹೊರಡಿಸಿದಾಗ ಜಗತ್ತಿನ ಯಾವ ದೇಶವೂ ಅದಕ್ಕೆ ಮಾನ್ಯತೆ ನೀಡಿರಲಿಲ್ಲ. 10 ಪೈಸೆಯದರಲ್ಲಿ ನಕ್ಷೆ, ಒಂದು ರೂಪಾಯಿಯದರಲ್ಲಿ ಬಾವುಟ, ಐದು ರೂಪಾಯಿಯದರಲ್ಲಿ ಆ ಹೋರಾಟದ ನಾಯಕ ಶೇಖ್ ಮುಜೀಬ್. 20 ಪೈಸೆಯದು ಪಾಕಿಸ್ತಾನಿ ಸೇನೆ ಢಾಕಾ ವಿಶ್ವವಿದ್ಯಾಲಯದಲ್ಲಿ ನಡೆಸಿದ ಹತ್ಯಾಕಾಂಡದ ನೆನಪಿಗೆ. ಅದನ್ನು ಬೇಗನೆ ದಾಟಿ ಹೋಗಲು ನನ್ನಿಂದ ಆಗುವುದಿಲ್ಲ.

ಅದರ ಮುಂದೆಯೇ ನಮ್ಮ 5 ಪೈಸೆಯ ನಿರಾಶ್ರಿತರ ಪರಿಹಾರದ ಚೀಟಿ. 1971ರ ನವೆಂಬರ್ 15ರಿಂದ ಕಾಗದಗಳಿಗೆ ಇದನ್ನೂ ಅಂಟಿಸಬೇಕಿತ್ತು. ಅವಸರದಲ್ಲಿ ಕುಟುಂಬ ಯೋಜನೆಯ ಚೀಟಿಯ ಮೇಲೆಯೇ ಅಕ್ಷರ ಒತ್ತಿದ್ದರು. ಗಡಿ ದಾಟಿ ಬಂದ ಸುಮಾರು ಒಂದು ಕೋಟಿ ಜನರಿಗಾಗಿ ಉಡುಪಿ, ಮಂಗಳೂರಿನ ಮನೆಮನೆಯಿಂದಲೂ ಐದೈದು ಪೈಸೆ ಹೋಯಿತು. ಡಿಸೆಂಬರ್ 6ರಂದು ಭಾರತ ಬಾಂಗ್ಲಾದೇಶಕ್ಕೆ ಮಾನ್ಯತೆ ಘೋಷಿಸಿತು. ಆ ಘೋಷಣೆಯ ಹಿಂದೆ ದೆಹಲಿಯವರು ಮಾತ್ರವಲ್ಲ, ಊರೂರಿನ ಜನರೂ ಇದ್ದರೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಯಜಮಾನರ ಪ್ರಾಮಾಣಿಕತೆಯ ಬಗ್ಗೆ ಹೇಳಲೇಬೇಕು. ಬಾಂಗ್ಲಾದೇಶದ ಸ್ವಾತಂತ್ರ್ಯದ ಹೊಸತರಲ್ಲಿ ಅಲ್ಲಿನ ಅಂಚೆ ಕಚೇರಿಗಳು ಪಾಕಿಸ್ತಾನದ ಹಳೆಯ ಚೀಟಿಗಳ ಮೇಲೆ ‘ಬಾಂಗ್ಲಾದೇಶ್’ ಎಂದು ರಬ್ಬರ್ ಮೊಹರು ಒತ್ತಿ ಬಳಸಿದವು. ಇಂಥದ್ದನ್ನು ನಕಲು ಮಾಡುವುದು ಬಲು ಸುಲಭ. ನಾನು ಆರಿಸಿದ ಒಂದನ್ನು ಅವರು ಭೂತಗನ್ನಡಿಯಲ್ಲಿ ನೋಡಿ, “ಅಕ್ಕ, ಇದರ ಶಾಯಿ ಹೊಸತರ ಹಾಗೆ ಕಾಣುತ್ತದೆ, ಬೇಡ” ಎಂದು ವಾಪಸ್ ತೆಗೆದಿಟ್ಟರು.

ಕೊರತೆಗಳೂ ಇವೆ. ಮಳೆಗಾಲದ ತೇವಕ್ಕೆ ಕೆಲವು ಚೀಟಿಗಳು ಪುಟಕ್ಕೆ ಅಂಟಿಕೊಂಡಿವೆ. ಕರಾವಳಿಯಲ್ಲಿ ಈ ವ್ಯಾಪಾರ ಮಾಡುವವರು ತೇವ ಹೀರುವ ಪೊಟ್ಟಣಗಳನ್ನು ಇಡಲೇಬೇಕು. ಹೇರಳವಾಗಿ ಸಿಗುವ ನಿರಾಶ್ರಿತರ ಚೀಟಿಗೆ ಹೇಳುವ ಬೆಲೆಯೂ ಹೆಚ್ಚು.

ಇನ್ನೊಂದು ಕೊರತೆ ನನಗೆ ದೊಡ್ಡದು. ಭಾರತ 1973ರಲ್ಲಿ ಹೊರಡಿಸಿದ ‘ಜೈ ಬಾಂಗ್ಲಾ’ ಚೀಟಿಗೆ ಆಲ್ಬಂ ಮುಗಿಯುತ್ತದೆ. ಎರಡು ದೇಶಗಳ ಸಂಬಂಧದ ಕಷ್ಟದ ಭಾಗ ಶುರುವಾಗುವುದೇ ಅಲ್ಲಿಂದ. 1974ರಲ್ಲಿ ಇಂದಿರಾ, ಮುಜೀಬ್ ಸಹಿ ಮಾಡಿದ ಗಡಿ ಒಪ್ಪಂದ ಪೂರ್ತಿ ಜಾರಿಯಾದದ್ದು 2015ರಲ್ಲಿ. ಅಲ್ಲಿಯವರೆಗೆ ಭಾರತದ 111 ಮತ್ತು ಬಾಂಗ್ಲಾದ 51 ತುಂಡುಭೂಮಿಗಳ ಜನ ಇನ್ನೊಂದು ದೇಶದ ನಡುವೆ ಸಿಕ್ಕಿಕೊಂಡಿದ್ದರು. 1996ರ ಗಂಗಾ ನೀರಿನ ಒಪ್ಪಂದದ ಅವಧಿ ಮೂವತ್ತೇ ವರ್ಷ. ಆ ವರ್ಷಗಳ ಲಕೋಟೆಗಳನ್ನು ಹುಡುಕಿ ತರಿಸುವಂತೆ ಯಜಮಾನರಿಗೆ ಹೇಳಿ, ಮುಂಗಡ ಕೊಟ್ಟು ಬಂದಿದ್ದೇನೆ.