ರೋಡಿಯಂ ಡಾಸ್ಪ್ ಕ್ಯಾಟಲಿಸ್ಟ್: ನಾಲ್ಕು ವರ್ಷ ಬಳಸಿದ ಮೇಲೆ

ರೋಡಿಯಂ ಡಾಸ್ಪ್ ಅಂದರೆ ರೋಡಿಯಂ ಲೋಹದ ಕ್ಯಾಟಲಿಸ್ಟ್, ತಾನು ಖರ್ಚಾಗದೆ ರಿಯಾಕ್ಷನ್ ನಡೆಸಿಕೊಡುವ ವಸ್ತು. ಹಸಿರು ಪುಡಿ, ಚಿಕ್ಕ ಬಾಟಲಿ, ದೊಡ್ಡ ಬೆಲೆ. ಮೊದಲ ಸಲ ತೂಗುವಾಗ ಉಸಿರು ಬಿಗಿಹಿಡಿದಿದ್ದೆ. ಅಣುತೂಕವೇ 1,900ರ ಹತ್ತಿರ. ಹಾಗಾಗಿ ಒಂದು ಮಿಲಿಮೋಲ್ ರಿಯಾಕ್ಷನ್‌ಗೆ 1 ಮೋಲ್ ಪರ್ಸೆಂಟ್ (ನೂರು ಅಣುಗಳಿಗೆ ಕ್ಯಾಟಲಿಸ್ಟ್‌ನ ಒಂದು ಅಣು) ಅಂದರೂ 19 ಮಿಲಿಗ್ರಾಂ ಹೋಗುತ್ತದೆ.

ನಾನು ಇದನ್ನು ಜಾಸ್ತಿ ಬಳಸಿದ್ದು ಏಳು ಕಾರ್ಬನ್‌ಗಳ ಉಂಗುರ ಕಟ್ಟಲು. ರಸಾಯನಶಾಸ್ತ್ರಜ್ಞ ಹ್ಯೂ ಡೇವಿಸ್ ಅವರ ತಂಡ ಬೆಳೆಸಿದ ದಾರಿ ಇದು. ವಿನೈಲ್ ಡಯಾಜೋ ಎಸ್ಟರ್ (ಜೋಡಿ ನೈಟ್ರೋಜನ್ ಹೊತ್ತ ಕಚ್ಚಾವಸ್ತು, ಮುಂದೆ ಬರೀ ಡಯಾಜೋ ಅನ್ನುತ್ತೇನೆ) ರೋಡಿಯಂಗೆ ಸಿಕ್ಕ ಕೂಡಲೇ ನೈಟ್ರೋಜನ್ ಗುಳ್ಳೆಯಾಗಿ ಹೊರಟುಬಿಡುತ್ತದೆ. ಉಳಿದ ಕಾರ್ಬೀನ್ (ಎರಡೇ ಬಂಧವಿದ್ದು ಹಸಿದಿರುವ ಕಾರ್ಬನ್) ಡೈಈನ್‌ನ, ಅಂದರೆ ಎರಡು ಜೋಡಿಬಂಧವಿರುವ ಜೊತೆಗಾರ ಅಣುವಿನ, ಒಂದು ಜೋಡಿಬಂಧ ಹಿಡಿದು ಮೂರರ ಉಂಗುರವಾಗುತ್ತದೆ. ಅದು ನಿಲ್ಲುವುದಿಲ್ಲ, ಕೋಪ್ ಮರುಜೋಡಣೆಯಾಗಿ (ಬಂಧಗಳು ತಾವೇ ಜಾಗ ಬದಲಿಸಿ) ಏಳರ ಉಂಗುರಕ್ಕೆ ಹಿಗ್ಗುತ್ತದೆ. ಯಾವ ಗುಂಪು ಮೇಲೆ, ಯಾವುದು ಕೆಳಗೆ ಅನ್ನುವುದೂ ಅದೇ ಫ್ಲಾಸ್ಕ್‌ನಲ್ಲಿ ತೀರ್ಮಾನ. ಬೇರೆ ದಾರಿಯಲ್ಲಿ ಇದಕ್ಕೆ ಎಷ್ಟು ಹಂತ ಬೇಕು ಅಂತ ಒಮ್ಮೆ ಬರೆದು ನೋಡಿ, ಬೆಲೆಯ ಸಿಟ್ಟು ಇಳಿಯುತ್ತದೆ.

ಪುಡಿಗೆ ಗಾಳಿಯ ಭಯವಿಲ್ಲ, ಗ್ಲವ್ ಬಾಕ್ಸ್ ಬೇಡ. ಇದರ ಮುನಿಸೆಲ್ಲ ಸಾಲ್ವೆಂಟ್ (ಕರಗಿಸುವ ದ್ರವ) ಮೇಲೆ. ಒಮ್ಮೆ ನನ್ನ ಡಯಾಜೋ ಹೆಕ್ಸೇನ್‌ನಲ್ಲಿ ಸರಿಯಾಗಿ ಕರಗಲಿಲ್ಲ. ಸುಮ್ನೆ ಡೈಕ್ಲೋರೋಮೀಥೇನ್ ಹಾಕಿದೆ. ಟಿಎಲ್‌ಸಿ (ರಿಯಾಕ್ಷನ್ ಮುಗಿಯಿತೇ ಅಂತ ನೋಡುವ ಚುಕ್ಕೆ ಪರೀಕ್ಷೆ) ಚೆನ್ನಾಗಿತ್ತು, ಇಳುವರಿಯೂ ಬಂತು. ಅಣುವಿನ ಎರಡು ಕನ್ನಡಿರೂಪಗಳನ್ನು ಬೇರ್ಪಡಿಸಿ ತೋರಿಸುವ ಕೈರಲ್ ಎಚ್‌ಪಿಎಲ್‌ಸಿಯಲ್ಲಿ ಮಾತ್ರ ಬೇಡದ ರೂಪದ ಎರಡನೇ ಪೀಕ್ ಎದ್ದು ಕೂತಿತ್ತು. ಈ ಕ್ಯಾಟಲಿಸ್ಟ್‌ನ ಲಿಗ್ಯಾಂಡ್‌ಗಳಿಗೆ (ರೋಡಿಯಂ ಸುತ್ತ ಹಿಡಿದಿರುವ ಅಣುಗಳಿಗೆ) ಉದ್ದನೆಯ ಬಾಲ ಕೊಟ್ಟಿರುವುದೇ ಹೆಕ್ಸೇನ್, ಪೆಂಟೇನ್‌ನಂಥದ್ದರಲ್ಲಿ ಕರಗಲಿ ಅಂತ ಅಲ್ವಾ? ಡಯಾಜೋದ ಎಸ್ಟರ್ ಕೂಡ ಚಿಕ್ಕ ಮೀಥೈಲ್ ಆಗಿದ್ದರೇ ಒಳ್ಳೆಯದು. ಎಸ್ಟರ್ ಗುಂಪು ದಪ್ಪವಾದಷ್ಟೂ ಕನ್ನಡಿರೂಪದ ಆಯ್ಕೆ ಸಡಿಲವಾಗುತ್ತದೆ.

ಇನ್ನು ಅವಸರ. ಡಯಾಜೋವನ್ನು ಒಂದೇ ಸಲ ಸುರಿದರೆ ಅದು ತನ್ನ ಜೊತೆಗೇ ಸೇರಿಕೊಂಡು ಡೈಮರ್ ಆಗುತ್ತದೆ, ಅದನ್ನು ಬೇರ್ಪಡಿಸಲು ಕಾಲಂನಲ್ಲಿ ಒದ್ದಾಡುವುದು ನೀವು. ಸಿರಿಂಜ್ ಪಂಪ್ ಇಟ್ಟು ಗಂಟೆಗಟ್ಟಲೆ ಹನಿಸಬೇಕು. ನೀರಿದ್ದರೆ ಕಾರ್ಬೀನ್ ಅದನ್ನೇ ಹಿಡಿಯುತ್ತದೆ, ಆದ್ದರಿಂದ ನೀರು ಹೀರುವ ಮಾಲಿಕ್ಯುಲರ್ ಸೀವ್ಸ್ ಹಾಕಿಯೇ ಶುರುಮಾಡುತ್ತೇನೆ. ಡಯಾಜೋವನ್ನು ಬಿಸಿ ಮಾಡಿ ಒಣಗಿಸುವ ಧೈರ್ಯ ಮಾತ್ರ ಬೇಡ.

ಪೂರ್ತಿ ಅಂಕ ಕೊಡುವುದಿಲ್ಲ. ಹೆಕ್ಸೇನ್‌ನಲ್ಲಿ ಕರಗದ ಧ್ರುವೀಯ ಪದಾರ್ಥಗಳೊಂದಿಗೆ ಕೆಲಸ ಮಾಡುವವರಿಗೆ ಇದು ತಲೆನೋವು. ನನ್ನಂಥವರಿಗೆ, ಎಣ್ಣೆಯಂತೆ ಹೆಕ್ಸೇನ್‌ನಲ್ಲಿ ಬೆರೆಯುವ ಡೈಈನ್ ಇರುವವರಿಗೆ, ಕಣ್ಣು ಮುಚ್ಚಿ ಹೇಳುತ್ತೇನೆ, ತಗೊಳ್ಳಿ.

ಒಂದು ಮಾತು ಬಿಟ್ಟಿದ್ದೆ. ಅಸಿಟೋನೈಟ್ರೈಲ್‌ನಲ್ಲಿ ತೊಳೆದ ಫ್ಲಾಸ್ಕ್ ಚೆನ್ನಾಗಿ ಒಣಗಿಸಿ. ಒಮ್ಮೆ ನನ್ನ ಹಸಿರು ದ್ರಾವಣ ಕಣ್ಣೆದುರೇ ನೇರಳೆಗೆ ತಿರುಗಿತು. ಉಳಿದಿದ್ದ ಅಸಿಟೋನೈಟ್ರೈಲ್ ಹೋಗಿ, ಡಯಾಜೋ ಕೂರಬೇಕಾದ ರೋಡಿಯಂನ ಖಾಲಿ ಜಾಗದಲ್ಲಿ ಕೂತಿತ್ತು. ಆವತ್ತು ನೈಟ್ರೋಜನ್ ಗುಳ್ಳೆ ಬರಲು ಮಧ್ಯಾಹ್ನವೆಲ್ಲ ಕಾದೆ.